ಒಂದು ಫೋಟೋ ಆಯ್ತು, ಇನ್ನೊಂದು ಯಾಕೆ?

ಊಟವಾದ ಮೇಲೆ ಎಲೆಅಡಿಕೆಯ ಜೊತೆ ಚೂರು ಹೊಗೆಸೊಪ್ಪು ಸೇರಿಸಿ ಕೆನ್ನೆಯಲ್ಲಿ ಒತ್ತರಿಸಿಕೊಳ್ಳುವ ಅತ್ತೆಯೋ ದೊಡ್ಡಮ್ಮನೋ ನಿಮ್ಮ ಮನೆಯಲ್ಲೂ ಇರಬಹುದು. ಆ ಉಂಡೆ ಕೂರುವುದು ಕೆಳದವಡೆಯ ಒಸಡಿಗೂ ಕೆನ್ನೆಗೂ ನಡುವಿನ ಸಂದಿನಲ್ಲಿ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರು ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ಒಸಡಿನ ತೆಳು ಪದರದ ಕೆಳಗೇ ದವಡೆಯ ಎಲುಬು!

ಆದ್ದರಿಂದ ಹುಣ್ಣಿನ ಚೂರು ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದು ಖಚಿತವಾದ ಮೇಲೆ, ಅದು ಎಲುಬಿಗೆ ಇಳಿದಿದೆಯೇ ಎಂದು ಡಾಕ್ಟರು ನೋಡಲೇಬೇಕು. ಇಳಿದಿಲ್ಲವಾದರೆ ಅನೇಕ ಸಲ ಎಲುಬಿನ ಅಂಚನ್ನಷ್ಟೇ ತೆಗೆದು ದವಡೆಯನ್ನು ಉಳಿಸಬಹುದು. ಒಳಗಿನ ಮಜ್ಜೆಗೆ ಹೋಗಿದ್ದರೆ ಆ ಭಾಗವನ್ನೇ ಕತ್ತರಿಸಬೇಕು. ಕಾಲಿನ ಎಲುಬು ತಂದು ಜೋಡಿಸುವುದೂ ಉಂಟು. ಮುಂದೆ ಆಕೆ ರೊಟ್ಟಿ ಅಗಿಯುವುದು, ಮಾತಾಡುವುದು, ನಾಲ್ಕು ಜನರ ನಡುವೆ ಕೂರುವುದು ಎಲ್ಲಕ್ಕೂ ಇದೇ ಆಧಾರ.

ಮೊದಲು ಓಪಿಜಿ ಎಂಬ ಎಕ್ಸ್‌ರೇ. ಎರಡೂ ದವಡೆ, ಎಲ್ಲ ಹಲ್ಲು ಒಂದೇ ಚಿತ್ರದಲ್ಲಿ ಬರುತ್ತವೆ, ಖರ್ಚೂ ಕಡಿಮೆ. "ಅದ್ರಲ್ಲಿ ಏನೂ ಇಲ್ಲ ಅಂದ್ರಲ್ಲ, ಮತ್ತೆ ಸ್ಕ್ಯಾನ್ ಯಾಕೆ? ದುಡ್ಡು ಕೀಳೋಕೆ!" ಅಂತ ಗೊಣಗುವವರಿದ್ದಾರೆ. ಹಾಗಲ್ಲ. ಎಲುಬಿನ ಸುಣ್ಣದಂಶ ಶೇಕಡಾ 30ರಿಂದ 50ರಷ್ಟು ಕರಗುವ ತನಕ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಸಿ.ಟಿ. ಸ್ಕ್ಯಾನು ದವಡೆಯನ್ನು ಸೌತೆಕಾಯಿ ಬಿಲ್ಲೆಗಳಂತೆ ತೆಳುವಾಗಿ ಬಿಡಿಸಿ ತೋರಿಸುವುದರಿಂದ ಸಣ್ಣ ಸವೆತವೂ ತಿಳಿಯುತ್ತದೆ. ಆಗ "ಕೆನ್ನೆ ಉಬ್ಬಿಸಿ ಹಿಡ್ಕೊಳ್ಳಿ" ಎಂದರೆ ನಗಬೇಡಿ. ಗಾಳಿ ತುಂಬಿದಾಗ ಕೆನ್ನೆಯೂ ಒಸಡೂ ಬೇರೆಯಾಗಿ, ಹುಣ್ಣು ಎಲ್ಲಿಯದೆಂದು ಗೊತ್ತಾಗುತ್ತದೆ.

ಮಜ್ಜೆಯೊಳಗಿನ ಸಂಗತಿ ಎಂ.ಆರ್.ಐ.ಗೆ ಚೆನ್ನಾಗಿ ಸಿಗುತ್ತದೆ. ಅದನ್ನೂ ಕಣ್ಮುಚ್ಚಿ ನಂಬುವಂತಿಲ್ಲ. ಹುಳುಕು ಹಲ್ಲಿನ ಕೀವು, ಈಚೆಗೆ ಹಲ್ಲು ಕಿತ್ತ ಗಾಯ ಇವೂ ರೋಗದಂತೆಯೇ ತೋರುವುದುಂಟು. ಅದಕ್ಕೇ ಒಂದು ಚಿತ್ರವನ್ನು ಇನ್ನೊಂದರ ಜೊತೆ ಹೋಲಿಸುವುದು. ಹಲ್ಲು ಕೀಳಿಸಿದ್ದರೆ ಯಾವಾಗ ಎಂದು ಮರೆಯದೆ ಹೇಳಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದರೆ ಸ್ಕ್ಯಾನಿನ ಔಷಧಿ ಚುಚ್ಚುವ ಮೊದಲೇ ತಿಳಿಸಿ.

ಎಂ.ಆರ್.ಐ. ಯಂತ್ರವೆಂದರೆ ಭಾರೀ ಅಯಸ್ಕಾಂತ. ಓಲೆ, ಮೂಗುತಿ, ಹೇರ್‌ಪಿನ್ನು, ಸೀರೆಗೆ ಚುಚ್ಚಿದ ಪಿನ್ನು, ಕಾಲುಂಗುರ ಎಲ್ಲ ಮನೆಯಲ್ಲೇ ಬಿಚ್ಚಿಡಿ. ತಾಳಿ ತೆಗೆಯಲು ಹಿರಿಯರು ಒಪ್ಪದಿದ್ದರೆ ಅರಿಸಿನದ ದಾರಕ್ಕೆ ಅರಿಸಿನ ಕೊಂಬು ಕಟ್ಟಿ ಕೊರಳಿಗೆ ಹಾಕಿ ಕರೆದೊಯ್ಯಿರಿ.