ನೋವು ತೋರದ ಬೇನೆ

ಸುರಪುರ ಸೀಮೆಯ ದೇವಾಪುರದಂತಹ ಒಕ್ಕಲುತನದ ಊರುಗಳಲ್ಲಿ ಆರೋಗ್ಯವನ್ನು ಅಳೆಯುವ ಹಳೆಯ ಅಳತೆಗೋಲೊಂದುಂಟು. ಜೋಳದ ರೊಟ್ಟಿಯನ್ನು ಉಂಡು ಸಂಜೆಯವರೆಗೆ ಹೊಲದಲ್ಲಿ ದುಡಿಯಬಲ್ಲವನು ನಿರೋಗಿ. ಹಾಸಿಗೆ ಹಿಡಿದವನು ರೋಗಿ. ಜ್ವರ, ಗಾಯ, ವಾಂತಿಭೇದಿಗಳ ಮಟ್ಟಿಗೆ ಈ ಅಳತೆ ಸಾಕು. ಆದರೆ ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ದೇಹವನ್ನು ಹೊಕ್ಕು ವರ್ಷಗಟ್ಟಲೆ ನೆಲಸಿದ್ದರೂ ನೋವಿನ ಸುಳಿವನ್ನೇ ಕೊಡದಿರಬಹುದು. ದುಡಿಯುತ್ತಲೇ ಇರುವ ಮನುಷ್ಯನ ಮೂತ್ರಪಿಂಡ, ಹೃದಯ, ಕಣ್ಣುಗಳು ಒಳಗೊಳಗೇ ಸವೆಯುತ್ತಿರುತ್ತವೆ. ಒಂದು ದಿನ ಅರ್ಧಾಂಗ ಬಿದ್ದುಹೋದಾಗ ನೆರೆಹೊರೆಯವರು, "ನಿನ್ನೆಯವರೆಗೆ ಗಟ್ಟಿಯಾಗಿಯೇ ಇದ್ದನಲ್ಲ!" ಎಂದು ಬೆರಗಾಗುತ್ತಾರೆ.

ಇಂತಹ ಬೇನೆಯನ್ನು ಅಳೆದೇ ಅರಿಯಬೇಕು. ನಾಡಿ ಹಿಡಿದು ನೋಡುವ ಪದ್ಧತಿ ಪ್ರಾಚೀನವಾದುದು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಂಕಿಯಲ್ಲಿ ಹೇಳುವ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯನು ರೂಪಿಸಿದ್ದು 1896ರಲ್ಲಿ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಎಂಬವನು ಅದರೊಡನೆ ಸ್ಟೆತಾಸ್ಕೋಪನ್ನು ಬಳಸುವ ಕ್ರಮವನ್ನು ತೋರಿಸಿಕೊಟ್ಟನು. ಒಂದೇ ಬಾರಿಯ ಅಂಕಿಯಿಂದ ತೀರ್ಮಾನಕ್ಕೆ ಬರುವುದು ಸಾಮಾನ್ಯವಾಗಿ ಸಲ್ಲದು. ನಾರಾಯಣಪುರದ ಜಲಾಶಯದಲ್ಲಿ ನೀರಿನ ಮಟ್ಟವನ್ನು ದಿನದಿನವೂ ಬರೆದಿಡುವುದರಿಂದಲೇ ಏರಿಳಿತ ತಿಳಿಯುತ್ತದೆಯಲ್ಲವೇ? ರಕ್ತದೊತ್ತಡವೂ ಹಾಗೆಯೇ. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದನ್ನು ಅಧಿಕವೆಂದು ಎಣಿಸುತ್ತಾರೆ.

ತಪಾಸಣೆಗೆ ಹೋಗುವವನಿಗೂ ಕೆಲವು ಕರ್ತವ್ಯಗಳಿವೆ. ಬರಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ಹೇಳಿದ್ದರೆ ಕನಿಷ್ಠ ಎಂಟು ಗಂಟೆಗಳ ಕಾಲ ನೀರಿನ ಹೊರತು ಏನನ್ನೂ ಸೇವಿಸಬಾರದು. ನಸುಕಿನಲ್ಲಿ ಒಂದು ಲೋಟ ಸಿಹಿ ಚಹಾ ಕುಡಿದು, ಕೇಳಿದಾಗ ಇಲ್ಲವೆಂದರೆ, ಇಲ್ಲದ ರೋಗ ಕಾಗದದ ಮೇಲೆ ಮೂಡೀತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆ ಬೆಳಗ್ಗೆ ಏನು ಮಾಡಬೇಕೆಂಬುದನ್ನು ವೈದ್ಯರಿಂದ ಮೊದಲೇ ತಿಳಿದಿರಬೇಕು. ರಕ್ತದೊತ್ತಡ ನೋಡಿಸುವ ಮುನ್ನ ಅರ್ಧ ಗಂಟೆ ಚಹಾ, ಬೀಡಿ, ತಂಬಾಕುಗಳು ಬೇಡ; ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಓಡಿ ಬಂದು ಕೈಚಾಚಿದವನ ಅಂಕಿಯನ್ನು ನಂಬುವುದೆಂತು? ತಂಬಾಕು ಜಗಿಯುವವರು ಬಾಯಿಯೊಳಗಿನ ಮಾಯದ ಹುಣ್ಣನ್ನು ಸಂಕೋಚದಿಂದ ಮರೆಮಾಚುವುದಂತೂ ಅಪಾಯಕರ.

ಹಳೆಯ ಚೀಟಿಗಳ ವಿಷಯ ಸಣ್ಣದೆಂದು ತೋರಬಹುದು. ಆದರೆ ಈ ಸೀಮೆಯಿಂದ ಅನೇಕ ಕುಟುಂಬಗಳು ಕಟ್ಟಡದ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗುತ್ತವೆ. ಅಲ್ಲಿಯ ವೈದ್ಯನಿಗೆ "ಬಿಳಿ ಗುಳಿಗೆ, ಒಂದು ಕೆಂಪು ಗುಳಿಗೆ" ಎಂದರೆ ಏನು ತಿಳಿದೀತು? ಚೀಟಿಯಿದ್ದರೆ ಚಿಕಿತ್ಸೆ ನಿಂತಲ್ಲಿಂದ ಮುಂದುವರಿಯುತ್ತದೆ.

ದವಾಖಾನೆಗೆ ಹೋದರೆ ಒಂದು ದಿನದ ಕೂಲಿ ತಪ್ಪುವುದೆಂಬ ಮಾತು ಸುಳ್ಳಲ್ಲ. ಬಡವರ ಮನೆಯಲ್ಲಿ ಅದು ಹಗುರವಾದ ನಷ್ಟವೂ ಅಲ್ಲ. ಅದಕ್ಕಾಗಿಯೇ ಮೂವತ್ತು ದಾಟಿದವರಿಗೆ ಊರ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆಗಳ ತಪಾಸಣೆಯನ್ನು ಉಚಿತವಾಗಿ ಮಾಡುವ ಏರ್ಪಾಡಾಗಿದೆ. ಶಾಲಾಮಕ್ಕಳನ್ನು ವೈದ್ಯರ ತಂಡವೇ ಬಂದು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಯಿತು. ಕರಿಹಲಗೆಯ ಅಕ್ಷರ ಕಾಣದೆ ದಡ್ಡನೆನಿಸಿಕೊಂಡ ಹುಡುಗನಿಗೆ ಬೇಕಾದುದು ಕನ್ನಡಕವೆಂದೂ, ಸದಾ ಆಯಾಸಪಡುವ ಹುಡುಗಿಯದು ಸೋಮಾರಿತನವಲ್ಲ, ರಕ್ತಹೀನತೆಯೆಂದೂ ತಿಳಿಯುವುದು ಇಂತಹ ತಪಾಸಣೆಯಲ್ಲಿಯೇ. ತಂಡದವರು ಬರೆದುಕೊಟ್ಟ ಚೀಟಿಯನ್ನು ಮನೆಗೆ ಮುಟ್ಟಿಸಿ ಓದಿ ಹೇಳುವ ಕೆಲಸ ಮಾತ್ರ ಆ ಮಕ್ಕಳದು.