ಕೋಲ್ಡ್ ರೂಮ್‌ನ ಕೊನೇ ಸಾಲಿಗೆ ತಂಪು ಯಾಕೆ ತಲುಪಲ್ಲ?

ಒಂದೇ ರೂಮ್, ಒಂದೇ ದಿನ ಕೊಯ್ದ ಕ್ಯಾಪ್ಸಿಕಂ. ಆದರೂ ಕೂಲರ್ ಹತ್ತಿರದ ಕ್ರೇಟ್‌ಗಳಲ್ಲಿ ಕಾಯಿ ಮೇಲೆ ಸಣ್ಣ ಗುಳಿಗಳು, ಕೊನೇ ಸಾಲಿನಲ್ಲಿ ಬಾಡಿದ ಕಾಯಿ. ಮೀಟರ್ ಮಾತ್ರ ಸರಿಯಾಗಿ 7 ಡಿಗ್ರಿ ತೋರಿಸ್ತಿರುತ್ತೆ. ಇಂಥ ಕಡೆ ಮೊದಲು ಬೈಸಿಕೊಳ್ಳೋದು ಮಷಿನ್. ಮೆಕ್ಯಾನಿಕ್‌ಗೆ ಫೋನ್ ಮಾಡೋ ಮುಂಚೆ ಒಂದ್ಸಲ ತಲೆ ಎತ್ತಿ ಸೀಲಿಂಗ್ ನೋಡಿ.

ಗಾಳಿ ಸೀಲಿಂಗ್‌ಗೆ ಅಂಟುತ್ತೆ

ಫ್ಯಾನಿನಿಂದ ರಭಸವಾಗಿ ಬರುವ ಗಾಳಿ ಸುಳಿ ಸುಳಿಯಾಗಿ ಹರಿಯುತ್ತದೆ. ದಾರಿಯುದ್ದಕ್ಕೂ ಅಕ್ಕಪಕ್ಕದ ಗಾಳಿಯನ್ನ ತನ್ನೊಳಗೆ ಎಳ್ಕೊಳ್ಳುತ್ತೆ. ಕೆಳಗಡೆ ಇಡೀ ರೂಮಿನ ಗಾಳಿ ಇದೆ, ಎಳೆದಷ್ಟೂ ಬರುತ್ತೆ. ಮೇಲ್ಗಡೆ ಸೀಲಿಂಗ್ ಅಡ್ಡ ಇರೋದ್ರಿಂದ ಖಾಲಿಯಾದ ಜಾಗ ತುಂಬೋಕೆ ಬೇರೆ ಗಾಳಿ ಬರಲ್ಲ. ಅಲ್ಲಿ ಒತ್ತಡ ಕಡಿಮೆಯಾಗುತ್ತೆ, ಕೆಳಗಿನ ಒತ್ತಡ ಗಾಳಿಯ ಧಾರೆಯನ್ನ ಮೇಲಕ್ಕೆ ತಳ್ಳಿ ಅಂಟಿಸುತ್ತೆ. ಇದಕ್ಕೆ ಕೊಆಂಡ ಪರಿಣಾಮ ಅಂತ ಹೆಸರು. ಇದನ್ನು ಬಳಸಿ 1930ರ ದಶಕದಲ್ಲಿ ಪೇಟೆಂಟ್ ಪಡೆದ ರುಮೇನಿಯಾದ ಎಂಜಿನಿಯರ್ ಹೆನ್ರಿ ಕೊಆಂಡ ಅವರ ಹೆಸರೇ ಉಳಿದುಕೊಂಡಿದೆ.

ಮನೆಯಲ್ಲೇ ನೋಡಬೇಕಾ? ಉರಿಯುವ ಮೇಣದಬತ್ತಿ ಮುಂದೆ ಒಂದು ದುಂಡು ಗಾಜಿನ ಬಾಟಲಿ ಇಟ್ಟು, ಈ ಕಡೆಯಿಂದ ಜೋರಾಗಿ ಊದಿ. ಗಾಳಿ ಬಾಟಲಿಯನ್ನ ಸುತ್ತಿಕೊಂಡು ಹೋಗಿ ದೀಪ ಆರಿಸುತ್ತೆ. ಬಾಟಲಿ ಬದಲು ಅಷ್ಟೇ ಅಗಲದ ಪುಸ್ತಕ ಅಡ್ಡ ಇಟ್ಟು ಊದಿದರೆ ಆರೋದು ಕಷ್ಟ.

ಅಂಟಿದರೆ ಲಾಭ, ಬಿಟ್ಟರೆ ನಷ್ಟ

ತಂಪು ಗಾಳಿ ಭಾರ, ಬೇಗ ಕೆಳಗೆ ಬೀಳೋದು ಅದರ ಸ್ವಭಾವ. ಸೀಲಿಂಗ್‌ಗೆ ಅಂಟಿಕೊಂಡ ಗಾಳಿ ಮಾತ್ರ ನಿಧಾನವಾಗಿ ವೇಗ ಕಳ್ಕೊಳ್ಳುತ್ತೆ. ಅಂಟದೆ ಹೋಗೋ ಗಾಳಿಗಿಂತ ಸುಮಾರು 1.4 ಪಟ್ಟು ದೂರ ಹೋಗುತ್ತೆ. ಎದುರು ಗೋಡೆ ಮುಟ್ಟಿ, ಕೆಳಗಿಳಿದು, ಕ್ರೇಟ್‌ಗಳ ನಡುವೆ ನುಗ್ಗಿ ಫ್ಯಾನಿಗೆ ವಾಪಸ್ ಬರುತ್ತೆ.

ನಡುವೆ ಒಂದು ಬೀಮೋ, ಅಡ್ಡ ಹಾಕಿದ ಟ್ಯೂಬ್‌ಲೈಟೋ, ಪೈಪೋ ಸಿಕ್ಕಿದರೆ ಧಾರೆ ಅಲ್ಲೇ ಕಿತ್ತುಕೊಂಡು ಕೆಳಗೆ ಬೀಳುತ್ತೆ. ಅದು ಬಿದ್ದ ಕಡೆ ಕಾಯಿಗೆ ಚಳಿ ಪೆಟ್ಟು, ಅದರಾಚೆ ಬಿಸಿ. ಕ್ಯಾಪ್ಸಿಕಂಗೆ 7 ಡಿಗ್ರಿಗಿಂತ ಕೆಳಗೆ, ಬಲಿತ ಹಸಿರು ಟೊಮೆಟೊಗೆ ಸುಮಾರು 12 ಡಿಗ್ರಿಗಿಂತ ಕೆಳಗೆ ಹೆಚ್ಚು ದಿನ ಇಟ್ಟರೆ ಪೆಟ್ಟು ಖಚಿತ. ಕಾಯಿ ಹೊರಗೆ ತಂದ ಮೇಲೇ ಅದು ಪೂರ್ತಿ ಕಾಣೋದು. ಅಷ್ಟೊತ್ತಿಗೆ ಮಾಲು ಮಂಡಿಯಲ್ಲಿರುತ್ತೆ.

ಹತ್ತು ನಿಮಿಷದ ಪರೀಕ್ಷೆ

ತೆಳು ಪ್ಲಾಸ್ಟಿಕ್ ಕವರನ್ನ ಒಂದಡಿ ಉದ್ದದ ಪಟ್ಟಿಗಳಾಗಿ ಕತ್ತರಿಸಿ. ಫ್ಯಾನಿನಿಂದ ಎದುರು ಗೋಡೆವರೆಗೆ ಮೂರಡಿಗೊಂದರಂತೆ ಸೀಲಿಂಗ್‌ಗೆ ಟೇಪ್ ಹಾಕಿ ಅಂಟಿಸಿ. ಫ್ಯಾನ್ ಓಡಿಸಿ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಪಟ್ಟಿ ಸೀಲಿಂಗ್ ಪಕ್ಕದಲ್ಲೇ ಮುಂದಕ್ಕೆ ಹಾರಾಡ್ತಿದ್ರೆ ಗಾಳಿ ಅಂಟಿದೆ. ಎಲ್ಲಿಂದ ಜೋತುಬಿದ್ದಿದೆಯೋ ಅಥವಾ ಹಿಂದಕ್ಕೆ ತಿರುಗಿದೆಯೋ, ಅಲ್ಲಿಗೆ ಮುಂಚೆಯೇ ಧಾರೆ ಬಿಟ್ಟಿದೆ ಅಂತ ಅರ್ಥ. ಊದುಬತ್ತಿ ಹೊಗೆ ಬಳಸಬೇಡಿ. ಹೊಗೆಯಲ್ಲಿ ಎಥಿಲೀನ್ ಇರುತ್ತೆ, ಕಾಯಿ ಬೇಗ ಹಣ್ಣಾಗುತ್ತೆ.

ಏನು ಸರಿಮಾಡಬೇಕು?

• ಗಾಳಿಗೆ ಅಡ್ಡ ಇರುವ ಲೈಟು, ವೈರುಗಳನ್ನ ಪಕ್ಕದ ಗೋಡೆಗೆ ಸ್ಥಳಾಂತರಿಸಿ.
• ಬೀಮ್ ತೆಗೆಯೋಕಾಗದಿದ್ರೆ, ಅದರ ಮಟ್ಟಕ್ಕೆ ನಯವಾದ ಪ್ಯಾನೆಲ್ ಕೂರಿಸಬಹುದಾ ಅಂತ ರೂಮ್ ಕಟ್ಟಿದವರನ್ನ ಕೇಳಿ.
• ಮೇಲಿನ ಕ್ರೇಟ್ ಫ್ಯಾನಿನ ಕೆಳ ಅಂಚಿಗಿಂತ ಕೆಳಗಿರಲಿ. ಸೀಲಿಂಗ್‌ವರೆಗೆ ಪೇರಿಸಬೇಡಿ.
• ಗೋಡೆಯಿಂದ ನಾಲ್ಕು ಇಂಚು ಜಾಗ ಬಿಡಿ, ಕೆಳಗೆ ಪ್ಯಾಲೆಟ್ ಹಾಕಿ. ವಾಪಸ್ ಬರೋ ಗಾಳಿಗೂ ದಾರಿ ಬೇಕಲ್ಲ!
• ಕಾಯಿಲ್ ಮೇಲೆ ಐಸ್ ಕಟ್ಟದಂತೆ ನೋಡ್ಕೊಳ್ಳಿ. ಗಾಳಿ ವೇಗ ಕಡಿಮೆಯಾದ್ರೆ ಅಂಟೋ ಶಕ್ತಿಯೂ ಹೋಗುತ್ತೆ.

ಕೊನೆಗೆ ಎರಡು ಥರ್ಮಾಮೀಟರ್ ತಗೊಂಡು ಒಂದನ್ನ ಮೊದಲ ಸಾಲಿನಲ್ಲಿ, ಇನ್ನೊಂದನ್ನ ಕೊನೇ ಸಾಲಿನಲ್ಲಿ ಕ್ರೇಟ್ ಒಳಗೇ ಇಡಿ. ಒಂದು ರಾತ್ರಿ ಬಿಟ್ಟು ನೋಡಿ. ಎರಡರ ವ್ಯತ್ಯಾಸ ಹೆಚ್ಚಿದ್ದರೆ ಮೊದಲು ಗಾಳಿ ದಾರಿ ಸರಿಮಾಡಿ, ದೊಡ್ಡ ಮಷಿನ್ ಮಾತು ಆಮೇಲೆ.