ಮಲಗುವ ಮುನ್ನ ಒಂದು ಸುತ್ತು

ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಸಂಜೆ ಲೆಕ್ಕ ತಾಳೆಯಾದ ಮೇಲೂ ನಮಗೊಂದು ಕೆಲಸ ಉಳಿಯುತ್ತಿತ್ತು. ಕೊನೆಗೆ ಹೊರಡುವವರು ದೀಪ, ಫ್ಯಾನು, ಯಂತ್ರಗಳ ಸ್ವಿಚ್ಚುಗಳನ್ನೆಲ್ಲ ಆರಿಸಿ, ಒಂದು ಸುತ್ತು ನೋಡಿ ಬಾಗಿಲು ಹಾಕಬೇಕು. ನನ್ನ ಪಾಳಿಯಲ್ಲಿ ಆ ಸುತ್ತನ್ನು ಒಂದು ದಿನವೂ ತಪ್ಪಿಸಲಿಲ್ಲ. ಸ್ವಂತ ಮನೆಯಲ್ಲಿ ಮಾತ್ರ ಮರೆತಿದ್ದೆ.

ಕಳೆದ ಶ್ರಾವಣದ ಮಾತು. ಧಾರವಾಡದಲ್ಲಿ ಜಿಟಿಜಿಟಿ ಮಳೆ. ಪಿಯುಸಿ ಎರಡನೇ ವರ್ಷದ ಮೊಮ್ಮಗಳು ಹಾಸಿಗೆಯ ಮೇಲೆ ಕೌದಿ ಹೊದ್ದು, ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿಕೊಂಡು ಪಾಠ ನೋಡುತ್ತ ಹಾಗೇ ನಿದ್ದೆ ಹೋಗಿದ್ದಳು. ಈ ವಯಸ್ಸಿನಲ್ಲಿ ರಾತ್ರಿ ಎರಡು ಸಲ ಎಚ್ಚರವಾಗುವುದಕ್ಕೆ ಬೇಸರಪಡುತ್ತಿದ್ದೆ. ಅಂದು ಅದೇ ನಮ್ಮನ್ನು ಕಾಯಿತು. ಎದ್ದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಅವಳ ಕೋಣೆಯ ಬಾಗಿಲು ತೆರೆದರೆ ಕೌದಿಯ ಅಂಚಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಅವಳನ್ನು ಎಬ್ಬಿಸಿ ಹೊರಗೆ ಕಳಿಸಿ, ಮೇನ್ ಸ್ವಿಚ್ ಆರಿಸಿದೆ. ಬ್ಯಾಟರಿ ದೀಪ ಹಿಡಿದು ನೋಡಿದರೆ ಚಾರ್ಜರಿನ ಅಡಾಪ್ಟರ್ ಕರಗಿ ಸೊಟ್ಟಗಾಗಿತ್ತು. ನನ್ನಾಕೆಯ ಹಳೇ ಸೀರೆಗಳ ಕೌದಿಯಲ್ಲಿ ಅಂಗೈಯಗಲ ಸುಟ್ಟ ತೂತು. ಅವಳ ಕಾಲು ಇದ್ದ ಜಾಗಕ್ಕೂ ಆ ತೂತಿಗೂ ಒಂದು ಗೇಣು ಅಂತರ.

ಬೆಳಿಗ್ಗೆ ಅವಳಿಗೆ ಚೆನ್ನಾಗಿ ಬೈದೆ. ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಇಬ್ಬರೂ ರಿಪೇರಿ ಅಂಗಡಿಗೆ ಹೋದೆವು. ಅಲ್ಲಿಯ ಹುಡುಗ ಅಡಾಪ್ಟರ್ ತಿರುಗಿಸಿ ನೋಡಿ, “ಇದನ್ನ ಯಾರು ತಂದದ್ದು ಅಜ್ಜಾರ? ಬಿಐಎಸ್ ಗುರುತೇ ಇಲ್ಲ” ಎಂದ. ತಂದವನು ನಾನೇ. ಹಳೆಯದು ಕೆಟ್ಟಾಗ ರಸ್ತೆ ಬದಿಯಲ್ಲಿ ಅಗ್ಗಕ್ಕೆ ಕೊಂಡು, ಸಾವಿರ ರೂಪಾಯಿ ಉಳಿಸಿದೆನೆಂದು ಮನೆಯಲ್ಲಿ ಹೇಳಿಕೊಂಡಿದ್ದೆ.

ಲ್ಯಾಪ್‌ಟಾಪ್ ಬಿಚ್ಚಿದಾಗ ಬ್ಯಾಟರಿ ಪುಟ್ಟ ದಿಂಬಿನಂತೆ ಉಬ್ಬಿತ್ತು. “ಟಚ್‌ಪ್ಯಾಡ್ ಮ್ಯಾಲೆ ಎದ್ದದ ಅಂತ ಹೋದ ತಿಂಗಳ ಹೇಳಿದ್ನಲ್ಲ ಅಜ್ಜಾ” ಎಂದಳು ಮೊಮ್ಮಗಳು ಮೆಲ್ಲಗೆ. ಹೇಳಿದ್ದಳು. “ಇರ್ಲಿ ಬಿಡವಾ, ಇನ್ನೂ ಎರಡು ವರ್ಷ ಬರ್ತದ” ಎಂದು ನಾನೇ ಅಂದಿದ್ದೆ. ಹಾಸಿಗೆಯ ಮೇಲೆ ಇಟ್ಟದ್ದು ಅವಳ ತಪ್ಪು. ಉಳಿದೆರಡೂ ನನ್ನವು. ಮನೆಗೆ ಬಂದು ಅದನ್ನು ಎಲ್ಲರೆದುರು ಒಪ್ಪಿಕೊಂಡೆ.

ಮಕ್ಕಳೇ, ಲ್ಯಾಪ್‌ಟಾಪಿನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದರ ಒಳಗೆ ಎರಡು ಧ್ರುವಗಳ ನಡುವೆ ತೆಳುವಾದ ಒಂದು ಪರದೆ, ಜೊತೆಗೆ ಬೇಗ ಹೊತ್ತಿಕೊಳ್ಳುವ ದ್ರವ ಇರುತ್ತದೆ. ಪೆಟ್ಟು ಬಿದ್ದರೆ, ಚುಚ್ಚಿದರೆ, ಅತಿಯಾಗಿ ಕಾದರೆ ಪರದೆ ಹಾಳಾಗಿ ಧ್ರುವಗಳು ಒಂದಕ್ಕೊಂದು ತಾಗುತ್ತವೆ. ಆಗ ಹುಟ್ಟುವ ಬಿಸಿ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ. 2006ರಲ್ಲಿ ಡೆಲ್ ಕಂಪನಿ ಬೆಂಕಿಯ ಭಯದಿಂದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತ್ತು.

ಹೆದರಿ ದೂರ ಇಡಬೇಕಾದ ವಸ್ತುವೇನಲ್ಲ. ಬಿಸಿ ಹೊರಹೋಗಲು ದಾರಿ ಬಿಟ್ಟರೆ ಸಾಕು. ಆ ದಾರಿ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ತಳದಲ್ಲಿ, ಪಕ್ಕದಲ್ಲಿ ಇರುವ ಸಣ್ಣ ಕಿಂಡಿಗಳು. ಹಾಸಿಗೆ, ದಿಂಬು, ಸೋಫಾ ಅವನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಮೇಜು ಅಥವಾ ಮರದ ಹಲಗೆಯ ಮೇಲೆ ಇಡಿ. ಅಡಾಪ್ಟರ್ ಕೂಡ ಬಟ್ಟೆಯಡಿ ಸೇರದೆ ಬಯಲಲ್ಲಿರಲಿ. ಕಂಪನಿಯದೇ ಚಾರ್ಜರ್ ಕೊಳ್ಳಿ. ಬೇರೆಯದಾದರೆ ಬಿಐಎಸ್ ಗುರುತು ನೋಡಿ, ಅದು ನಿಮ್ಮ ಲ್ಯಾಪ್‌ಟಾಪಿಗೆ ಹೊಂದುತ್ತದೆಯೇ ಎಂದು ಕೇಳಿ. ವೈರು ಸುಲಿದಿದ್ದರೆ ಟೇಪು ಸುತ್ತಿ ಬಳಸಬೇಡಿ. ಇಸ್ತ್ರಿಪೆಟ್ಟಿಗೆ, ಹೀಟರು, ಚಾರ್ಜರು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಬೇಡಿ.

ಟಚ್‌ಪ್ಯಾಡ್ ಮೇಲೆದ್ದರೆ, ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲುಗಾಡಿದರೆ ಬ್ಯಾಟರಿ ಉಬ್ಬಿರಬಹುದು. ಕೂಡಲೇ ಆರಿಸಿ, ಮತ್ತೆ ಚಾರ್ಜ್ ಮಾಡದೆ ದುರಸ್ತಿಯವರಿಗೆ ಒಯ್ಯಿರಿ. ಒತ್ತಬೇಡಿ, ಚುಚ್ಚಬೇಡಿ. ಕೆಟ್ಟ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಹೊಗೆ ಕಂಡರೆ ಮಕ್ಕಳು ಲ್ಯಾಪ್‌ಟಾಪ್ ಮುಟ್ಟಬಾರದು. ಆ ಹೊಗೆ ವಿಷ. ದೊಡ್ಡವರನ್ನು ಕೂಗಿ, ಎಲ್ಲರೂ ಹೊರಬಂದು, ಕೋಣೆಯ ಬಾಗಿಲು ಎಳೆದುಕೊಂಡು 101 ಅಥವಾ 112ಕ್ಕೆ ಫೋನ್ ಮಾಡಿ. ಮೇನ್ ಸ್ವಿಚ್ ಸುರಕ್ಷಿತವಾಗಿ ಕೈಗೆ ಸಿಗುವಂತಿದ್ದರೆ ದೊಡ್ಡವರು ಆರಿಸಲಿ. ನೋಟ್ಸು, ಪುಸ್ತಕ ತರಲೆಂದು ಮಾತ್ರ ಒಳಗೆ ಹೋಗಬೇಡಿ.

ಸುಟ್ಟ ಕೌದಿಗೆ ಹಸಿರು ಸೀರೆಯ ತುಂಡೊಂದು ತೇಪೆಯಾಗಿದೆ. ಈಗ ದಿನವೂ ರಾತ್ರಿ ಹತ್ತಕ್ಕೆ ಮೊಮ್ಮಗಳೇ ಬಂದು ಕರೆಯುತ್ತಾಳೆ: “ಅಜ್ಜಾ, ಬ್ಯಾಂಕ್ ಬಂದ್ ಮಾಡೋಣೇನು?” ಇಬ್ಬರೂ ಒಂದು ಸುತ್ತು ಹಾಕಿ, ಸ್ವಿಚ್ಚುಗಳನ್ನು ನೋಡಿ, ಆಮೇಲೆ ಮಲಗುತ್ತೇವೆ.